ಮುಸಾರ್ ದ್ರಾಕ್ಷಾಮದ್ಯ ಮತ್ತು ಲೆಬನಾನಿನ ಪರ್ವತಮಾರ್ಗ

ಲೆಬನಾನಿನ ದ್ರಾಕ್ಷಾಮದ್ಯದ ಪ್ರಸ್ತಾಪ ಬಂದಾಗಲೆಲ್ಲ ಐದು ಸಾವಿರ ವರ್ಷಗಳ ಪರಂಪರೆಯ ಮಾತು ತಪ್ಪದೆ ಬರುತ್ತದೆ. ಫಿನೀಷಿಯನ್ ನಾವಿಕರನ್ನೂ ಬಾಲ್‌ಬೆಕ್ಕಿನ ಬ್ಯಾಕಸ್ ದೇವಾಲಯವನ್ನೂ ಸಾಕ್ಷಿಯಾಗಿ ನಿಲ್ಲಿಸುವುದು ವಾಡಿಕೆ. ಈ ಸಾಕ್ಷ್ಯಗಳೇನೂ ಸುಳ್ಳಲ್ಲ. ಸೈದಾ ಪಟ್ಟಣದ ದಕ್ಷಿಣಕ್ಕಿರುವ ತೆಲ್ ಎಲ್-ಬುರಾಕ್ ಎಂಬಲ್ಲಿ ದೊರೆತು, 2020ರಲ್ಲಿ ವಿದ್ವಾಂಸರು ಪ್ರಕಟಪಡಿಸಿದ ದ್ರಾಕ್ಷಿ ಹಿಂಡುವ ತೊಟ್ಟಿ ಕ್ರಿ.ಪೂ. 7ನೆಯ ಶತಮಾನದ್ದು. ಆದರೆ ಅದು ಕಡಲತೀರದ್ದು. ದೇವಾಲಯವಾದರೋ ಒಳನಾಡಿನ ಬೆಕಾ ಕಣಿವೆಯದು, ರೋಮನ್ನರ ಕಾಲದ್ದು. ಇವೆರಡನ್ನೂ ಒಂದೇ ಎಳೆಯಲ್ಲಿ ಪೋಣಿಸಿ ಇಂದಿನ ಸೀಸೆಯವರೆಗೆ ತರುವುದು ಸಾಹಸವೇ ಸರಿ. ಶಾತೋ ಮುಸಾರ್ ಎಂಬ ಪ್ರಸಿದ್ಧ ಕೆಂಪು ಮದ್ಯದ ಇತಿಹಾಸವನ್ನು ಅರಿಯಲು ದೇವಾಲಯಕ್ಕಿಂತ ರಸ್ತೆಯನ್ನು ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕ್ಯಾಬರ್ನೆ ಸೊವಿನ್ಯೋನ್, ಕಾರಿನ್ಯಾನ್, ಸಿನ್ಸೋ ಎಂಬ ಮೂರು ತಳಿಗಳ ರಸಗಳನ್ನು ಬೇರೆಬೇರೆಯಾಗಿ ಹುದುಗಿಸಿ, ಫ್ರೆಂಚ್ ಓಕ್ ಮರದ ಪೀಪಾಯಿಗಳಲ್ಲಿ ಇರಿಸಿ, ಬಳಿಕ ಬೆರೆಸಿ ಈ ಗಾಢವಾದ ಮದ್ಯವನ್ನು ಸಿದ್ಧಪಡಿಸುತ್ತಾರೆ. ಕುಯ್ಲಿನಿಂದ ಮಾರಾಟದವರೆಗೆ ಸುಮಾರು ಏಳು ವರ್ಷ ಕಳೆಯುತ್ತದೆ. ಮೂರು ತಳಿಗಳೂ ಪಶ್ಚಿಮ ಯೂರೋಪಿನಿಂದ ಬಂದವು. ಬೆಕಾದಲ್ಲಿ ಇಂತಹ ಕೃಷಿಗೆ ಅಡಿಪಾಯ ಹಾಕಿದವರು 1857ರಲ್ಲಿ ಕ್ಸಾರಾದಲ್ಲಿ ತೋಟ ಮಾಡಿದ ಜೆಸ್ಯೂಯಿಟ್ ಪಾದ್ರಿಗಳು. ಆದುದರಿಂದ ನೆಲ ಪ್ರಾಚೀನವಾದರೂ ಬಳ್ಳಿ ಅರ್ವಾಚೀನ.

ಇನ್ನು ಮುಖ್ಯ ವಿಷಯ. ಮುಸಾರಿನ ತೋಟಗಳು ಬೆಕಾ ಕಣಿವೆಯಲ್ಲಿ, ಸುಮಾರು 1000 ಮೀಟರ್ ಎತ್ತರದಲ್ಲಿವೆ. ಮದ್ಯ ತಯಾರಾಗುವುದು ಮಾತ್ರ ಲೆಬನಾನ್ ಪರ್ವತದ ಆಚೆ, ಜೂನಿಯೆ ಕೊಲ್ಲಿಯ ಮೇಲಿನ ಘಜೀರ್ ಊರಿನಲ್ಲಿ. ಕೊಯ್ದ ಹಣ್ಣನ್ನು ಪರ್ವತ ದಾಟಿಸಿ ತರುವ ಈ ವ್ಯವಸ್ಥೆ ಮೇಲ್ನೋಟಕ್ಕೆ ಅವಿವೇಕವೆಂದೇ ತೋರುತ್ತದೆ. 1930ರಲ್ಲಿ ಗಾಸ್ತೋನ್ ಹೊಷಾರ್ ಇದನ್ನು ಸ್ಥಾಪಿಸಿದಾಗ ಬೆಕಾ ಲೆಬನಾನಿಗೆ ಸೇರಿ ಹತ್ತೇ ವರ್ಷವಾಗಿತ್ತು. 1861ರಲ್ಲಿ ಏರ್ಪಟ್ಟ ಪರ್ವತಪ್ರಾಂತದಲ್ಲಿ ಕಣಿವೆಯ ಹೆಚ್ಚಿನ ಭಾಗ ಇರಲಿಲ್ಲ. 1920ರಲ್ಲಿ ಫ್ರೆಂಚರು ವಿಶಾಲ ಲೆಬನಾನನ್ನು ಘೋಷಿಸಿದಾಗ ಅದು ಒಳಗೆ ಬಂದಿತು. ಗಡಿ ಮತ್ತೆ ಸರಿದು ಕಣಿವೆ ಸಿರಿಯಾದ ಪಾಲಾದೀತೆಂಬ ಶಂಕೆಯಿಂದಲೇ ಘಜೀರನ್ನು ಆರಿಸಲಾಯಿತೆಂಬ ಹೇಳಿಕೆಯುಂಟು. ಆ ಕಾಲದ ಸ್ಥಿತಿಯನ್ನು ನೆನೆದರೆ ಇದನ್ನು ತಳ್ಳಿಹಾಕಲು ನಮಗೆ ಕಾರಣ ಕಾಣದು.

ಗಡಿ ಸರಿಯಲಿಲ್ಲ. ಆದರೆ 1975ರಿಂದ 1990ರವರೆಗಿನ ಅಂತರ್ಯುದ್ಧದಲ್ಲಿ ನಡುವಣ ದಾರಿಯೇ ರಣಭೂಮಿಯಾಯಿತು. ಬೋರ್ಡೋದಲ್ಲಿ ಶಿಕ್ಷಣ ಪಡೆದು 1959ರಿಂದ ತಯಾರಿಕೆಯ ಹೊಣೆ ಹೊತ್ತಿದ್ದ ಗಾಸ್ತೋನರ ಮಗ ಸರ್ಜ್ ಹೊಷಾರರು ಕುಯ್ಲನ್ನು ಬಿಡಲಿಲ್ಲ. 1976ರಲ್ಲಿ ಮಾತ್ರ ಮದ್ಯ ತಯಾರಾಗಲಿಲ್ಲ. 1984ರಲ್ಲಿ ಲಾರಿಗಳು ಸುತ್ತುದಾರಿ ಹಿಡಿದು ದಿನಗಟ್ಟಲೆ ತಡವಾದುದರಿಂದ ಘಜೀರ್ ತಲಪುವ ಮೊದಲೇ ಹಣ್ಣು ಹುದುಗತೊಡಗಿತ್ತು. ಅದರಿಂದಲೂ ಅವರು ಮದ್ಯ ಮಾಡಿದರು. ಅಪಾಯಕ್ಕೆ ಅಂಜಿ ಮಾಡಿದ ವ್ಯವಸ್ಥೆಯೇ ಹೀಗೆ ಮತ್ತೊಂದು ಅಪಾಯಕ್ಕೆ ಬಾಗಿಲು ತೆರೆದಿತ್ತು.

ಯುದ್ಧದಿಂದ ಸ್ವದೇಶದ ಗಿರಾಕಿಗಳು ಚದುರಿದಾಗ ಸರ್ಜ್ ಅವರು ಇಂಗ್ಲೆಂಡಿನತ್ತ ತಿರುಗಿದರು. 1979ರಲ್ಲಿ ಬ್ರಿಸ್ಟಲ್ ಮದ್ಯಮೇಳದಲ್ಲಿ ಮೈಕೇಲ್ ಬ್ರಾಡ್‌ಬೆಂಟ್ ಎಂಬ ಪ್ರಖ್ಯಾತ ಪರೀಕ್ಷಕರು ಮುಸಾರನ್ನು ಮೆಚ್ಚಿದ ಮೇಲೆ ಅದರ ಹೆಸರು ಹೊರನಾಡುಗಳಲ್ಲಿ ಹಬ್ಬಿತು. ಯುದ್ಧದ ನಡುವೆ ಹುಟ್ಟಿದ ಮದ್ಯವೆಂದು ಅದನ್ನು ಆಗ ಕೊಂಡಾಡಿದವರುಂಟು. ಆದರೆ ಬ್ರಾಡ್‌ಬೆಂಟ್ ಅಂದು ಮೆಚ್ಚಿದ್ದು 1967ರ ಕುಯ್ಲಿನದು, ದಾರಿ ಇನ್ನೂ ತೆರೆದಿದ್ದ ಕಾಲದ್ದು. ಯುದ್ಧಕಾಲದ ಹಣ್ಣಿನ ಮದ್ಯ ಆಗಿನ್ನೂ ಘಜೀರಿನ ನೆಲಮಾಳಿಗೆಯಲ್ಲಿ ಮಾಗುತ್ತಿತ್ತು.