ಕಾರಿನೊಳಗೆ ರೇಡಿಯೋ ಹೊಕ್ಕ ಕಥೆ

ಕಾರಿಗೆ ನಾವೇ ಕೈಯಾರೆ ಏನಾದರೂ ಹೊಸದು ಜೋಡಿಸಲು ಹೊರಟರೆ ಸಾಮಾನು ತರುವುದು ಕಷ್ಟವಲ್ಲ, ಜೋಡಿಸುವ ಜಾಗಕ್ಕೆ ಕೈ ಹೋಗುವುದೇ ಕಷ್ಟ. ಸ್ಕ್ರೂ ಕಾಣಿಸುತ್ತದೆ, ಬೆರಳು ತಲುಪುವುದಿಲ್ಲ. ಬೆರಳು ತಲುಪಿತೋ, ಸ್ಕ್ರೂಡ್ರೈವರ್ ತಿರುಗಿಸಲು ಜಾಗವಿಲ್ಲ. ಬೆನ್ನು ಕೆಳಗೆ, ಕಾಲು ಸೀಟಿನ ಮೇಲೆ, ತಲೆ ಬ್ರೇಕ್ ಪೆಡಲಿನ ಪಕ್ಕ, ಬಾಯಲ್ಲಿ ಟಾರ್ಚು... ಈ ಭಂಗಿಯನ್ನು ಯಾವ ಯೋಗಾಸನದ ಗುರುವೂ ಹೇಳಿಕೊಟ್ಟಿಲ್ಲ. ಆದರೆ ಇದು ಇವತ್ತು ನಿನ್ನೆಯ ಪಾಡಲ್ಲ. ಕಾರಿನೊಳಗೆ ರೇಡಿಯೋ ಇರಬೇಕು ಎಂದು ಮನುಷ್ಯನಿಗೆ ಅನ್ನಿಸಿದ ದಿನದಿಂದ ನಡೆದು ಬಂದದ್ದು.

ಷಿಕಾಗೋದಲ್ಲಿ 1928ರಲ್ಲಿ ಪಾಲ್ ಗಾಲ್ವಿನ್ ಮತ್ತು ಅವನ ತಮ್ಮ ಜೋಸೆಫ್ ಒಂದು ಸಣ್ಣ ಕಂಪೆನಿ ತೆರೆದರು. ಬ್ಯಾಟರಿ ರೇಡಿಯೋವನ್ನು ಮನೆಯ ಕರೆಂಟಿನಲ್ಲಿ ನಡೆಸುವ ಒಂದು ಪೆಟ್ಟಿಗೆ ಅವರ ಮಾಲು. ಮರುವರ್ಷವೇ ಅಮೆರಿಕದ ಶೇರುಪೇಟೆ ಕುಸಿಯಿತು, ವ್ಯಾಪಾರ ತಳ ಕಂಡಿತು. ಬೇರೆ ದಾರಿ ಹುಡುಕುತ್ತಿದ್ದಾಗ ಸಿಕ್ಕಿದ್ದು ಕಾರ್ ರೇಡಿಯೋ. ಅದಕ್ಕೂ ಮೊದಲು ಅಲ್ಲಲ್ಲಿ ಪ್ರಯತ್ನ ನಡೆದಿದ್ದವು, ಆದರೆ ಸಾಮಾನ್ಯ ಗಿರಾಕಿಯ ಕೈಗೆಟಕುವಂಥದು ಇರಲಿಲ್ಲ. 1930ರ ಜೂನ್‌ನಲ್ಲಿ ಪಾಲ್ ತನ್ನ ಸ್ಟುಡಿಬೇಕರ್ ಕಾರಿಗೆ ಒಂದು ರೇಡಿಯೋ ಕೂರಿಸಿಕೊಂಡು ರೇಡಿಯೋ ತಯಾರಕರ ಸಮ್ಮೇಳನ ನಡೆಯುತ್ತಿದ್ದ ಅಟ್ಲಾಂಟಿಕ್ ಸಿಟಿಗೆ ಹೋದ. ಒಳಗೆ ಮಳಿಗೆ ಹಿಡಿಯಲು ದುಡ್ಡಿಲ್ಲ. ಹೊರಗೇ ಕಾರು ನಿಲ್ಲಿಸಿ ಜೋರಾಗಿ ರೇಡಿಯೋ ಹಾಕಿದ, ಜನ ನಿಂತು ಕೇಳಿದರು, ಆರ್ಡರ್ ಕೊಟ್ಟರು. ಮೋಟಾರು ಮತ್ತು ಆಗಿನ ಗ್ರಾಮಫೋನುಗಳ ಹೆಸರಿನ ಬಾಲದಲ್ಲಿದ್ದ 'ಓಲಾ' ಸೇರಿಸಿ ಮೋಟೊರೋಲಾ ಎಂದು ಹೆಸರಿಟ್ಟ. (ನಮ್ಮಲ್ಲಿ ಅನೇಕರ ಮೊದಲ ಮೊಬೈಲು ಅದೇ ಹೆಸರಿನದು, ನೆನಪಿರಬಹುದು.)

ಬ್ಯಾಂಕಿನವನಾದ ನನಗೆ ಈ ಚರಿತ್ರೆಯಲ್ಲಿ ಬಹಳ ಇಷ್ಟವಾದದ್ದು ಇನ್ನೊಂದು ಕಥೆ. ಕಾರ್ ರೇಡಿಯೋ ಬಗ್ಗೆ ಬರೆಯುವವರೆಲ್ಲ ಹೇಳುವ ಕಥೆ, ಎಷ್ಟು ನಿಜವೋ ದೇವರೇ ಬಲ್ಲ. ಗಾಲ್ವಿನ್ ಸಾಲ ಕೇಳಲು ಒಬ್ಬ ಬ್ಯಾಂಕರ್ ಬಳಿ ಹೋದನಂತೆ. ಖುಷಿಪಡಿಸೋಣ ಎಂದು ಆತನ ಪ್ಯಾಕಾರ್ಡ್ ಕಾರಿಗೆ ತನ್ನ ಆಳುಗಳಿಂದ ಒಂದು ರೇಡಿಯೋ ಕೂರಿಸಿಕೊಟ್ಟನಂತೆ. ಅರ್ಧ ಗಂಟೆಯಲ್ಲಿ ಕಾರಿಗೆ ಬೆಂಕಿ! ಸಾಲ ಮಂಜೂರಾಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಕಥೆ ಸುಳ್ಳಿರಲಿ ನಿಜವಿರಲಿ, ಆ ಕಾಲದಲ್ಲಿ ಹಾಗಾಗುವುದು ಅಸಂಭವವೇನಲ್ಲ. ಕಾರಿನ ಬ್ಯಾಟರಿ 6 ವೋಲ್ಟಿನದು. ವಾಲ್ವ್ ರೇಡಿಯೋಗೆ ನೂರರ ಮೇಲೆ ವೋಲ್ಟ್ ಬೇಕು. ಅದಕ್ಕಾಗಿ ಕಾರಿನ ನೆಲದ ಹಲಗೆ ಕತ್ತರಿಸಿ ಕೆಳಗೆ ಬೇರೆ ಬ್ಯಾಟರಿಗಳನ್ನು ಇಡುತ್ತಿದ್ದರು. ಏರಿಯಲ್ಲಿಗೆ ಚಾವಣಿಯ ಒಳಬಟ್ಟೆ ಬಿಚ್ಚಿ ತಂತಿಯ ಜಾಲರಿ ಹೊಲಿಯಬೇಕು. ಆಗಿನ ಚಾವಣಿಯ ನಡುಭಾಗ ಬಟ್ಟೆಯದಾದ್ದರಿಂದ ಅದು ನಡೆಯುತ್ತಿತ್ತು. 1935ರ ಮಾಡೆಲ್‌ಗಳಿಗೆ ಜನರಲ್ ಮೋಟಾರ್ಸ್ ಪೂರ್ತಿ ಉಕ್ಕಿನ ಚಾವಣಿ ತಂದ ಮೇಲೆ ಆ ಉಪಾಯವೂ ಕೈಕೊಟ್ಟು ಏರಿಯಲ್ ಹೊರಗೆ ಬಂತು. ಇಷ್ಟು ಸಾಲದೆಂಬಂತೆ ಸ್ಪಾರ್ಕ್ ಪ್ಲಗ್ಗಿನ ಚಟಚಟ, ಡೈನಮೋದ ಕರಕರ ಎಲ್ಲ ಹಾಡಿನ ಜೊತೆ ಸೇರಿ ಕೇಳಿಸುತ್ತಿತ್ತು. ಪ್ಲಗ್ಗಿಗೆ ರೆಸಿಸ್ಟರ್, ಡೈನಮೋಗೆ ಕಂಡೆನ್ಸರ್ ಹಾಕಿ ಅದನ್ನು ಅಡಗಿಸಬೇಕಿತ್ತು. ಇಬ್ಬರು ಆಳುಗಳಿಗೆ ಕೆಲವು ದಿನಗಳ ಕೆಲಸ ಹಿಡಿಯುತ್ತಿತ್ತಂತೆ. ರೇಡಿಯೋ ಬೆಲೆ 100 ಡಾಲರಿಗೂ ಮೇಲೆ, ಹೊಸ ಫೋರ್ಡ್ ಮಾಡೆಲ್ ಎ ಕಾರೇ 500 ಡಾಲರ್ ಆಸುಪಾಸು. ಯಾವ ಬ್ಯಾಂಕರ್ ತಾನೇ ನಂಬಿ ಸಾಲ ಕೊಟ್ಟಾನು?

ಜರ್ಮನಿಯಲ್ಲಿ ಇನ್ನೊಂದು ತಮಾಷೆ. 1932ರಲ್ಲಿ ಬ್ಲೌಪುಂಕ್ಟ್ ತಂದ ಎಎಸ್5 ಯುರೋಪಿನ ಮೊದಲ ಕಾರ್ ರೇಡಿಯೋ. ತೂಕ ಸುಮಾರು 15 ಕಿಲೋ! ಡ್ರೈವರಿನ ಕೈಗೆಟಕುವ ಕಡೆ ಇಡಲು ಸಾಧ್ಯವೇ ಇಲ್ಲ. ಹಾಗಾಗಿ ಪೆಟ್ಟಿಗೆಯನ್ನು ದೂರದಲ್ಲಿಟ್ಟು, ಅದನ್ನು ತಿರುಗಿಸುವ ಗುಂಡಿಯನ್ನು ಮಾತ್ರ ಸ್ಟೀರಿಂಗ್ ಕಂಬಕ್ಕೆ ಕಟ್ಟಿದರು. ಅಮೆರಿಕದಲ್ಲೂ ಬಳ್ಳಿಯಂತೆ ಬಳುಕುವ ಕೇಬಲ್ ಹಾಕಿ ಇದೇ ಉಪಾಯ ಮಾಡಿದರು. ಇಂದು ಸ್ಟೀರಿಂಗ್ ಮೇಲೆ ವಾಲ್ಯೂಮ್ ಬಟನ್ ಒತ್ತುವಾಗ ಇದು ತೀರಾ ಹೊಸ ಸೌಕರ್ಯ ಎಂದುಕೊಳ್ಳುತ್ತೇವೆ!

ಮುಂದಿನದು ಬೇಗ ಹೇಳಿಬಿಡುತ್ತೇನೆ. 6 ವೋಲ್ಟನ್ನೇ ಏರಿಸಿಕೊಡುವ, ಗುಂಯ್‌ಗುಡುವ ವೈಬ್ರೇಟರ್ ಬಂದು ಬೇರೆ ಬ್ಯಾಟರಿಗಳ ಕಾಟ ತಪ್ಪಿತು. 1955ರಲ್ಲಿ ಕ್ರೈಸ್ಲರ್ ಕಾರಿಗಾಗಿ ಫಿಲ್ಕೋ ಪೂರ್ತಿ ಟ್ರಾನ್ಸಿಸ್ಟರ್ ರೇಡಿಯೋ ಮಾಡಿತು, ವಾಲ್ವೂ ಹೋಯಿತು ವೈಬ್ರೇಟರೂ ಹೋಯಿತು. 1968ರಲ್ಲಿ ಫಿಲಿಪ್ಸ್ ಕಾರಿಗೆ ಕ್ಯಾಸೆಟ್ ತಂದಿತು. ಪೆಟ್ಟಿಗೆ ಚಿಕ್ಕದಾಗುತ್ತಾ ಬಂದರೂ ತಂತಿ ಎಳೆಯುವ ಜಾಗ ಮಾತ್ರ ಚಿಕ್ಕದೇ ಉಳಿಯಿತು.

ಈಗ ನಮ್ಮ ಮುಂಬಯಿಗೆ ಬರೋಣ. ಪ್ರೀಮಿಯರ್ ಪದ್ಮಿನಿ ಹುಟ್ಟಿದ್ದು ಇಲ್ಲಿನ ಕುರ್ಲಾದ ಕಾರ್ಖಾನೆಯಲ್ಲಿ, ಅದಕ್ಕೆ ಟೇಪು, ಸ್ಪೀಕರು, ಬಣ್ಣದ ದೀಪ ತುಂಬಿಸಿಕೊಳ್ಳಲು ಜನ ಹೋಗುತ್ತಿದ್ದದ್ದೂ ಅದೇ ಕುರ್ಲಾದ ಸಿಎಸ್‌ಟಿ ರೋಡಿಗೆ. ನಾನು 1998ರಲ್ಲಿ ಸೆಕೆಂಡ್ ಹ್ಯಾಂಡ್ ಪದ್ಮಿನಿ ಕೊಂಡಾಗ ಒಂದು ಅಂಗಡಿಯಲ್ಲಿ ಕ್ಯಾಸೆಟ್ ಪ್ಲೇಯರ್ ಹಾಕಿಸಿದೆ. ಹುಡುಗ ಒಂದೇ ಗಂಟೆಯಲ್ಲಿ ಮುಗಿಸಿದ. ರಾಜ್‌ಕುಮಾರ್ ಹಾಡು ಕೇಳುತ್ತಾ ಮನೆಗೆ ಬಂದೆವು. ಐದಾರು ತಿಂಗಳ ನಂತರ ಸಯನ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ. ಹಿಂದಿನ ಸೀಟಿನಲ್ಲಿ ಹೆಂಡತಿ, ಮಡಿಲಲ್ಲಿ ಎರಡು ವರ್ಷದ ಮಗ. ಅವರನ್ನು ಇಳಿಸಿ, ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಕಿತ್ತೆ. ಹೊಗೆ ನಿಂತಿತು, ನನ್ನ ಕೈ ನಡುಗುವುದು ನಿಲ್ಲಲು ಇನ್ನಷ್ಟು ಹೊತ್ತಾಯಿತು.

ಆಮೇಲೆ ನೋಡಿದ ಚಾಚಾ ಒಬ್ಬರು (ಮೂವತ್ತು ವರ್ಷದಿಂದ ಟ್ಯಾಕ್ಸಿಗಳ ವೈರಿಂಗ್ ಮಾಡುತ್ತಿದ್ದವರು) ಕಾರಣ ತೋರಿಸಿದರು. ಇಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ತಗಡಿನ ಗೋಡೆಯಿದೆಯಲ್ಲ, ಅದರ ತೂತಿನಲ್ಲಿ ರಬ್ಬರ್ ಬುಷ್ ಹಾಕದೆ ತಂತಿ ತೂರಿಸಿದ್ದರು. ತಗಡಿನ ಅಂಚು ತಂತಿಯ ಚರ್ಮ ಸುಲಿದಿತ್ತು. ಬ್ಯಾಟರಿಯಿಂದ ಬರುವ ಆ ತಂತಿಗೆ ಫ್ಯೂಸೂ ಇರಲಿಲ್ಲ. ಬ್ಯಾಟರಿ ಹತ್ತಿರವೇ ಫ್ಯೂಸ್ ಇದ್ದಿದ್ದರೆ ತಂತಿ ತಗಡಿಗೆ ತಾಗಿದ ಕೂಡಲೇ ಅದು ಹಾರಿ ಅಷ್ಟಕ್ಕೇ ಮುಗಿಯುತ್ತಿತ್ತು. "ಸಾಬ್, ಅಲ್ಲಿ ಯಾರೂ ಬಗ್ಗಿ ನೋಡುವುದಿಲ್ಲ ಅಂತ ಅವನಿಗೆ ಗೊತ್ತು" ಎಂದರು ಹಿಂದಿಯಲ್ಲಿ. ಅವರು ಹೊಸ ತಂತಿ ಎಳೆದ ರೀತಿ ಚೆನ್ನಾಗಿತ್ತು. ಹಳೆಯ ತಂತಿಯ ತುದಿಗೆ ಹೊಸದನ್ನು ಕಟ್ಟಿ, ಟೇಪು ಸುತ್ತಿ, ಪೈಜಾಮಕ್ಕೆ ಲಾಡಿ ಪೋಣಿಸಿದಂತೆ ಆ ಕಡೆಯಿಂದ ಎಳೆದರು. ಡ್ಯಾಶ್‌ಬೋರ್ಡ್ ಬಿಚ್ಚಲೇ ಇಲ್ಲ.

ಕೈಗೆ ಸಿಗದ ಕಷ್ಟಕ್ಕೆ ಕಂಪೆನಿಗಳೂ ಪರಿಹಾರ ಹುಡುಕದೆ ಇರಲಿಲ್ಲ. ಜರ್ಮನ್ನರು ಡ್ಯಾಶ್‌ಬೋರ್ಡಿನ ತೂತಿಗೆ ಒಂದು ಅಳತೆ ಗೊತ್ತು ಮಾಡಿದರು. 1984ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವೂ ಆಯಿತು. ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಎರಡು ಕಡ್ಡಿ ಚುಚ್ಚಿ ಎಳೆದರೆ ಸೆಟ್ ಪೂರ್ತಿ ಕೈಗೆ ಬರುತ್ತದೆ. ನಮಗೆ ಸುಲಭವಾದದ್ದು ಕಳ್ಳನಿಗೂ ಸುಲಭವಾಯಿತು ನೋಡಿ! ಆಮೇಲೆ ಕಿತ್ತು ಜೇಬಿಗೆ ಹಾಕಿಕೊಳ್ಳುವ ಮುಖದ ಪಟ್ಟಿ ಬಂತು. ನಮ್ಮ ಬ್ರಾಂಚಿನ ಕೌಂಟರ್ ಮೇಲೆ ಗಿರಾಕಿಗಳು ಪಾಸ್‌ಬುಕ್ಕಿನ ಜೊತೆ ಅದನ್ನೂ ಇಡುತ್ತಿದ್ದರು.

ಆದರೆ ಆ ಹೊತ್ತಿಗೆ ಇನ್ನೊಂದು ಬದಲಾವಣೆ ಶುರುವಾಗಿತ್ತು. ತಂತಿಯ ಗಂಟು ದಪ್ಪವಾಗುತ್ತಾ ಹೋದದ್ದನ್ನು ಕಂಡು ಬಾಷ್ 1986ರಲ್ಲಿ ಕ್ಯಾನ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಎರಡೇ ತಂತಿಯಲ್ಲಿ ಕಾರಿನ ಭಾಗಗಳೆಲ್ಲ ಸರದಿಯಲ್ಲಿ ಮಾತಾಡಿಕೊಳ್ಳುವುದು. 1991ರ ಮರ್ಸಿಡಿಸ್ ಎಸ್ ಕ್ಲಾಸಿನಲ್ಲಿ ಅದು ಬಂತು, ಈಗ ಸಾಮಾನ್ಯ ಕಾರುಗಳಲ್ಲೂ ಇದೆ. ಈ ತಂತಿಗೆ ಚಾಚಾನಂತೆ ಸುಲಿದು ಗಂಟು ಹಾಕಿ ಹೊಸ ದೀಪ ಜೋಡಿಸುವ ಹಾಗಿಲ್ಲ. ಹತ್ತಿರದಲ್ಲೇ ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಇರುತ್ತದೆ, ಅದನ್ನು ಮುಟ್ಟಲೇಬಾರದು.

ಮುಂಬಯಿಯ ಕಾಲಿ-ಪೀಲಿಯಾಗಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಿಂದ ಮರೆಯಾದವು. ಖಾಸಗಿಯಾಗಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ನನ್ನ ಪರಿಚಯದವರೊಬ್ಬರು ಈಚೆಗೆ ತಮ್ಮ ಪದ್ಮಿನಿಗೆ ಬ್ಲೂಟೂತ್ ಸೆಟ್ ಹಾಕಿದರು, ಹೊರಗೆ ಕಾಣದ ಹಾಗೆ. ಎರಡು ಭಾನುವಾರ ಹಿಡಿಯಿತಂತೆ. ತಗಡಿನ ಗೋಡೆಯ ತೂತಿಗೆ ಬುಷ್ ಹಾಕಿದಿರಾ ಎಂದು ಕೇಳಿದೆ. ಹಾಕಿದ್ದೇನೆ, ಬ್ಯಾಟರಿ ಪಕ್ಕದಲ್ಲಿ ಫ್ಯೂಸೂ ಇದೆ ಎಂದರು.