ಪ್ಯಾರಾದ ಮೊದಲ ವಾಕ್ಯ

ಓಲೆಗರಿಯ ಕಾಲದಲ್ಲಿ ಪ್ಯಾರಾ ಎಂಬುದಿರಲಿಲ್ಲ; ಪದಗಳ ನಡುವೆಯೂ ಜಾಗ ಬಿಡದೆ ಬರೆಯುತ್ತಿದ್ದರು. ಅಚ್ಚಿನ ಪುಸ್ತಕದ ಜೊತೆಗೆ ಬಂದ ಈ ಪ್ಯಾರಾವನ್ನು ಮಕ್ಕಳಿಗೆ ಕಲಿಸುವುದು ಹೇಗೆ?

ಇದಕ್ಕೆ ನಿಯಮ ಬರೆದವರು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್. ನೇಕಾರರ ಮಗ, ಹನ್ನೊಂದರ ವಯಸ್ಸಿಗೇ ಶಾಲೆ ಬಿಟ್ಟು ಮಗ್ಗ ಹಿಡಿದಿದ್ದವರು. 1860ರಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1866ರ ತಮ್ಮ ಪಠ್ಯದಲ್ಲಿ ಅವರು ಹೇಳಿದ್ದಿಷ್ಟು: ಮೊದಲ ವಾಕ್ಯ ವಿಷಯವನ್ನು ಸೂಚಿಸಲಿ, ಪ್ರತಿ ವಾಕ್ಯಕ್ಕೂ ಹಿಂದಿನದರೊಡನೆ ನಂಟಿರಲಿ, ಹೊರಗಿನ ಮಾತು ನುಸುಳದಿರಲಿ. ಅಮೆರಿಕದ ಶಾಲೆಗಳಲ್ಲಿ ಇದೇ ಕಟ್ಟಳೆಯಾಯಿತು.

ನುರಿತ ಲೇಖಕರು ಹೀಗೆ ಬರೆಯುತ್ತಾರೆಯೇ? 1974ರಲ್ಲಿ ರಿಚರ್ಡ್ ಬ್ರಾಡಕ್ ಅಮೆರಿಕದ ಪತ್ರಿಕೆಗಳ 25 ಪ್ರಬಂಧಗಳನ್ನು ಪರಿಶೀಲಿಸಿದರು. ವಿಷಯಸೂಚಕ ವಾಕ್ಯದಿಂದ ಆರಂಭವಾಗುವ ಪ್ಯಾರಾಗಳು ಸುಮಾರು ಶೇ 13 ಮಾತ್ರ ಎಂದು ಅಂದಾಜಿಸಿದರು! ಹಾಗೆಂದು ಬೇನ್ ತಪ್ಪೆನ್ನಲಾಗದು. ಕಲಿಯುವ ಮಗುವಿಗೆ ಊರುಗೋಲು ಬೇಕು.

ನಮ್ಮ ಕನ್ನಡ ಪರೀಕ್ಷೆಯ ಗಾದೆ ವಿಸ್ತರಣೆಯನ್ನೇ ನೋಡಿ. ವಿಷಯ ಪ್ರಶ್ನೆಯಲ್ಲೇ ಇರುತ್ತದೆ; ಉಳಿಯುವುದು ಬೆಳೆಸುವ ಕೆಲಸ. ನಮ್ಮ ಮಕ್ಕಳೋ, ಯಾವ ಗಾದೆ ಕೊಟ್ಟರೂ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದೇ ಶುರುಮಾಡುತ್ತಾರೆ. ಮೇಷ್ಟ್ರು ಆ ಸಾಲನ್ನು ಹೊಡೆದುಹಾಕಿ, ‘ಇದನ್ನು ನಿನ್ನ ಊರಲ್ಲಿ ಎಲ್ಲಿ ಕಂಡೆ, ಬರಿ’ ಎಂದರೆ ಎರಡನೆಯ ವಾಕ್ಯ ತಾನಾಗಿ ಹುಟ್ಟೀತು.