ಅಣಬೆ ಕಂಡಲ್ಲೆಲ್ಲ ಅಣಬೆರೋಗವೇ? ದಾವಣಗೆರೆ ಸೀಮೆಯ ಅಡಿಕೆ ತೋಟಗಳಲ್ಲಿ ರೋಗಕಾರಕದ ಸಾಬೀತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಭದ್ರಾ ನಾಲೆ, ಕೆರೆ, ಕೊಳವೆಬಾವಿಗಳ ನೀರಿನಲ್ಲಿ ಅಡಿಕೆ ಬೆಳೆಯುತ್ತದೆ. ಮಳೆ ಕಡಿಮೆಯಿರುವ ಜಗಳೂರಿಗೂ ಕೊಳವೆಬಾವಿಯ ಬೆನ್ನು ಹತ್ತಿ ಅಡಿಕೆ ಬಂದಿದೆ. ಈ ತೋಟಗಳಲ್ಲಿ ಮರದ ಕೆಳಗಿನ ಸೋಗೆಗಳು ಹಳದಿಯಾಗಿ ಜೋತುಬಿದ್ದು, ಕಾಂಡದ ಬುಡದಿಂದ ಕಂದು ರಸ ಸೋರಿದರೆ ಅಣಬೆರೋಗವೆಂದು ಹೇಳುವುದು ವಾಡಿಕೆ. ಹಳದಿ ಬಣ್ಣವೊಂದನ್ನೇ ನಂಬಿದರೆ ಮೋಸ: ನೀರು ನಿಂತರೂ, ಬೇರುಹುಳು ಬಿದ್ದರೂ ಸೋಗೆ ಹಳದಿಯಾಗುತ್ತದೆ. ಬುಡದಲ್ಲಿ ಅಣಬೆಯೇ ಮೂಡಿದ್ದರೂ ವಾದ ಮುಗಿಯದು. ಈ ರೋಗಕ್ಕೆ ಕಾರಣವೆನ್ನುವ ಗ್ಯಾನೊಡರ್ಮಾ ಸತ್ತ ಮರದ ಬೊಡ್ಡೆಯ ಮೇಲೂ ಬದುಕುವ ಶಿಲೀಂಧ್ರ. ಅದು ಮರವನ್ನು ಕೊಂದಿತೋ, ಸತ್ತ ಮೇಲೆ ಬಂದಿತೋ ಎಂದು ಕೇಳಲೇಬೇಕು.

1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿದ ರಾಬರ್ಟ್ ಕಾಕ್ ಹಾಕಿಕೊಟ್ಟ ದಾರಿ ಇಲ್ಲಿಯೂ ನಡೆಯುತ್ತದೆ: ರೋಗದೊಡನೆ ಜೀವಿ ಸದಾ ಇರಬೇಕು, ಬೇರ್ಪಡಿಸಿ ಶುದ್ಧವಾಗಿ ಬೆಳೆಸಬೇಕು, ಆರೋಗ್ಯವಂತ ಗಿಡಕ್ಕೆ ತಗುಲಿಸಿದಾಗ ಅದೇ ರೋಗ ಬರಬೇಕು, ಅಲ್ಲಿಂದ ಅದೇ ಜೀವಿ ಮತ್ತೆ ಸಿಗಬೇಕು. ಅಡಿಕೆಯ ಕೊಳೆರೋಗದಲ್ಲಿ ಇದು ಸುಲಭ. ಹಸಿ ಕಾಯಿಗೆ ಸೋಂಕು ತಗುಲಿಸಿದರೆ ಕೆಲವೇ ದಿನಗಳಲ್ಲಿ ಉತ್ತರ ಸಿಗುತ್ತದೆ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರ ಪುಸ್ತಿಕೆಯಲ್ಲಿ ಕೊಳೆರೋಗವನ್ನು ಫೈಟಾಫ್ಥೊರ ಎಂಬ ಸೂಕ್ಷ್ಮಜೀವಿಗೆ ಜೋಡಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆ ಆ ತಿಳಿವಳಿಕೆಯ ಮೇಲೆ ನಿಂತಿತು.

ಅಣಬೆರೋಗಕ್ಕೆ ಅಷ್ಟು ಆತುರವಿಲ್ಲ. ಮಾದರಿಯನ್ನು ಪೂರ್ತಿ ಕೊಳೆತ ಭಾಗದಿಂದ ತೆಗೆದರೆ ಟ್ರೈಕೊಡರ್ಮಾದಂಥ ಬೇರೆ ಶಿಲೀಂಧ್ರ, ಬ್ಯಾಕ್ಟೀರಿಯಾಗಳೇ ತಟ್ಟೆಯನ್ನು ಆವರಿಸುತ್ತವೆ. ಕೊಳೆತು ಕಂದಾದದ್ದೂ ಗಟ್ಟಿ ಕಾಂಡವೂ ಸೇರುವ ಗೆರೆಯಿಂದ ಚೂರು ಕತ್ತರಿಸಿ, ಹೊರಮೈ ಶುದ್ಧಮಾಡಿ, ಆಲೂಗಡ್ಡೆ-ಡೆಕ್ಸ್ಟ್ರೋಸ್ ಅಗಾರ್ ಮೇಲಿಡಬೇಕು. ಬಿಳಿ ಎಳೆಗಳು ಹರಡಿದ ಮೇಲೆ ಅವನ್ನು ಮರದ ತುಂಡಿನಲ್ಲಿ ಬೆಳೆಸಿ ಸಸಿಯ ಬೇರಿಗೆ ತಾಗಿಸಿಡುವುದು ಕ್ರಮ. ಬೇರಿನೊಳಗೆ ಹೊಗಲು ಶಿಲೀಂಧ್ರಕ್ಕೆ ಆ ಮರದ ಆಹಾರದಾಸರೆ ಬೇಕು. ಲಕ್ಷಣಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹೋಲಿಕೆಯ ಸಸಿಗಳಿಗೂ ಶಿಲೀಂಧ್ರವಿಲ್ಲದ, ಶುದ್ಧಗೊಳಿಸಿದ ಅಂಥದೇ ತುಂಡು ಇಡದಿದ್ದರೆ ಪ್ರಯೋಗವನ್ನು ನಾನು ಒಪ್ಪಲಾರೆ. ಕೊಳೆಯುವ ಮರ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟು ಸಸಿಯನ್ನು ಬಡಕಲಾಗಿಸಬಲ್ಲದು.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಹಳೆಯ ವರದಿಗಳ ಗ್ಯಾನೊಡರ್ಮಾ ಲ್ಯೂಸಿಡಮ್ ಮೂಲತಃ ಇಂಗ್ಲೆಂಡಿನ ಮಾದರಿಯಿಂದ ವರ್ಣಿತವಾದ ಪ್ರಭೇದ. ಏಷ್ಯಾದಲ್ಲಿ ಆ ಹೆಸರಿನಡಿ ಬೇರೆ ಪ್ರಭೇದಗಳು ಸೇರಿಕೊಂಡಿರುವುದು ಡಿಎನ್‌ಎ ಅಧ್ಯಯನಗಳಿಂದ ತಿಳಿದಿದೆ. ವಾರ್ನಿಷ್ ಬಳಿದಂತೆ ಹೊಳೆಯುವ ಟೋಪಿಯನ್ನು ನೋಡಿ ಹೆಸರಿಡುವುದು ಸಾಲದು.

ಅಡಿಕೆಯ ಇನ್ನೊಂದು ರೋಗವಾದ ಹಳದಿ ಎಲೆ ರೋಗದಲ್ಲಿ ಕಾಕ್ ದಾರಿಯೇ ಮುಚ್ಚಿದೆ. ಅದಕ್ಕೆ ಕಾರಣವೆನ್ನುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ತಟ್ಟೆಯಲ್ಲಿ ಶುದ್ಧವಾಗಿ ಬೆಳೆಸಲು ಬರುವುದಿಲ್ಲ. ಸೂಕ್ಷ್ಮದರ್ಶಕ, ಡಿಎನ್‌ಎ ಪರೀಕ್ಷೆ, ಕೀಟದ ಮೂಲಕ ಸೋಂಕು ಹರಡಿಸುವ ಪ್ರಯೋಗ ಇವೇ ಅಲ್ಲಿ ಸಾಕ್ಷಿ.

ನಾಲ್ಕು ತಾಲ್ಲೂಕುಗಳಲ್ಲಿ ಮಾದರಿ ಎತ್ತುವಾಗ ನಾಲೆಯ ನೀರು ನಿಲ್ಲುವ ತೋಟವನ್ನೂ ಜಗಳೂರಿನ ಕೊಳವೆಬಾವಿ ತೋಟವನ್ನೂ ಬೇರೆಬೇರೆಯಾಗಿ ಲೆಕ್ಕಿಸಬೇಕು. ರೋಗದ ಮರದ ಪಕ್ಕದ, ನೋಡಲು ಚೆನ್ನಾಗಿರುವ ಮರದ ಬೇರನ್ನೂ ಪರೀಕ್ಷಿಸಬೇಕು. ರೋಗ ಹರಡದಂತೆ ಪ್ರತ್ಯೇಕಿಸುವ ಕಂದಕವನ್ನು ಯಾವ ಮರದ ಆಚೆ ತೋಡಬೇಕೆಂಬುದು ಆ ಬೇರಿನಲ್ಲಿ ಶಿಲೀಂಧ್ರ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.